ಲೈಬ್ರರಿ ಹೆಸರಲ್ಲಿ ಕಟ್ಟಿಸ್ಕೊಂಡ ದುಡ್ಡು ಲೈಬ್ರರಿಗೇ ಬರಲಿ

ಸಂಪಾದಕರಿಗೆ ನಮಸ್ಕಾರ,

ಮನೆ ಕಂದಾಯ ಕಟ್ಟಿದ ರಸೀದಿ ಇದ್ರೆ ಒಂದ್ಸಲ ತೆಗೆದು ನೋಡಿ. ಆಸ್ತಿ ತೆರಿಗೆ ಅಂತ ಒಂದು ಮೊತ್ತ, ಅದರ ಕೆಳಗೆ ಸಣ್ಣಕ್ಷರದಲ್ಲಿ ಆರೋಗ್ಯ ಕರ 15 ಪರ್ಸೆಂಟು, ಗ್ರಂಥಾಲಯ ಕರ 6 ಪರ್ಸೆಂಟು, ಭಿಕ್ಷುಕರ ಕರ 3 ಪರ್ಸೆಂಟು ಅಂತ ಇರತ್ತೆ. ತೆರಿಗೆ ಮೂರು ಸಾವಿರ ಇದ್ರೆ ಅದರ ಮೇಲೆ 180 ರೂಪಾಯಿ ಬರೀ ಲೈಬ್ರರಿ ಹೆಸರಲ್ಲೇ ಕಟ್ಟಿರ್ತೀರಿ. ಪಕ್ಕದ ಮನೆಯವರೂ ಕಟ್ಟಿರ್ತಾರೆ, ಮೂಲೆ ಅಂಗಡಿಯವರೂ ಕಟ್ಟಿರ್ತಾರೆ, ಜೀವಮಾನದಲ್ಲಿ ಲೈಬ್ರರಿ ಮೆಟ್ಟಿಲು ಹತ್ತದೇ ಇರೋರೂ ಕಟ್ಟಿರ್ತಾರೆ. ಈ ದುಡ್ಡಿನ ಬಗ್ಗೆನೇ ಈ ಪತ್ರ.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನ ಲೈಬ್ರರಿಯಲ್ಲಿ 28 ವರ್ಷ ಕೆಲ್ಸ ಮಾಡಿ ರಿಟೈರ್ ಆಗಿದೀನಿ. ಮೊನ್ನೆ ಸುಮ್ನೆ ಆ ಕಡೆ ಹೋಗಿದ್ದೆ, ಪೇಪರ್ ಸ್ಟ್ಯಾಂಡಲ್ಲಿ ಎರಡೇ ಪೇಪರ್ ಇತ್ತು, ನಾನಿದ್ದಾಗ ಏಳು ಬರ್ತಿತ್ತು. ಕೇಳಿದ್ರೆ ಈ ವರ್ಷ ಪರಿಸ್ಥಿತಿ ಸರಿಯಿಲ್ಲ ಸಾರ್, ಗ್ರಾಂಟ್ ಬಂದಿಲ್ಲ, ಏಜೆಂಟ್ ಬಾಕಿ ಕೇಳಿ ಕೇಳಿ ಸಾಕಾಗಿ ನಿಲ್ಲಿಸಿಬಿಟ್ರು ಅಂದ್ರು ಅಲ್ಲಿದ್ದ ಹುಡುಗ. ಆ ಎರಡು ಪೇಪರ್‌ನ ಹಾಳೆ ಬಿಡಿಸ್ಕೊಂಡು ಹತ್ತು ಹನ್ನೆರಡು ಜನ ಓದ್ತಾ ಕೂತಿದ್ರು. ನೋಡಿ ಹೊಟ್ಟೆ ಉರೀತು.

ದುಡ್ಡಿಗೆ ಕಷ್ಟ ಬಂದಾಗ ಮೊದಲು ಕತ್ತರಿ ಬೀಳೋದು ಲೈಬ್ರರಿ ಮೇಲೆ, ಆದ್ರೆ ಅದೇ ಕಷ್ಟದ ಟೈಮಲ್ಲೇ ಲೈಬ್ರರಿಗೆ ಜನ ಜಾಸ್ತಿ ಬರೋದು, ಇದು ಒಳಗೆ ಕೂತು ಕೆಲ್ಸ ಮಾಡಿದೋರಿಗೆ ಮಾತ್ರ ಗೊತ್ತಿರೋ ವಿಷ್ಯ. 2020ರಲ್ಲಿ ಲಾಕ್‌ಡೌನ್ ಆಗಿ ತಿಂಗಳುಗಟ್ಟಲೆ ಬಾಗಿಲು ಹಾಕಿ ಮತ್ತೆ ತೆಗೆದಾಗ ನಾನು ಅಂದ್ಕೊಂಡಿದ್ದು ಜನ ಹೆದರಿ ಬರಲ್ಲ ಅಂತ. ಮೊದಲನೇ ವಾರನೇ ಬೆಳಗ್ಗೆ ಬೀಗ ತೆಗೆಯೋಕೆ ಮುಂಚೆ ಕಟ್ಟೆ ಮೇಲೆ ಹದಿನೈದಿಪ್ಪತ್ತು ಜನ ಕಾಯ್ತಿದ್ರು, ಮಾಸ್ಕ್ ಹಾಕ್ಕೊಂಡು, ನೀರಿನ ಬಾಟ್ಲಿ ಹಿಡ್ಕೊಂಡು. ಅರ್ಧಕ್ಕರ್ಧ ಹೊಸ ಮುಖ. ಬೆಂಗಳೂರಲ್ಲಿ ಕೆಲ್ಸ ಹೋಗಿ ಊರಿಗೆ ವಾಪಸ್ ಬಂದಿರೋರು, ಕೋಚಿಂಗ್ ಫೀಸ್ ಕಟ್ಟೋಕೆ ಆಗದೆ ಧಾರವಾಡ, ಬೆಂಗಳೂರಿನ ವಿಜಯನಗರದಿಂದ ಗಂಟುಮೂಟೆ ಕಟ್ಕೊಂಡು ಬಂದಿರೋ ಹುಡುಗ್ರು, ಮನೇಲಿ ಪೇಪರ್ ಹಾಕಿಸ್ಕೊಳ್ಳೋದು ನಿಲ್ಲಿಸಿರೋ ವಯಸ್ಸಾದವರು.

ಅದ್ರಲ್ಲಿ ಒಬ್ರು ಗಾರ್ಮೆಂಟ್ಸಲ್ಲಿ ಸೂಪರ್‌ವೈಸರ್ ಆಗಿದ್ದೋರು, ನಲವತ್ತು ದಾಟಿದ್ರು. ದಿನಾ ಬರೋರು, ಕ್ಯಾಲೆಂಡರ್‌ನ ಹಳೇ ಹಾಳೆ ಹಿಂದೆ ವಾಂಟೆಡ್ ಜಾಹೀರಾತು ಎಲ್ಲಾ ಪೆನ್ಸಿಲಲ್ಲಿ ಬರ್ಕೊಳ್ಳೋರು, ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ ಅಂದ್ರೆ ಫೋನೇ ಮಾರಿಬಿಟ್ಟೆ ಸಾರ್ ಅಂದ್ರು. ಮನೇಲಿ ಬೆಳಗ್ಗೆಯಿಂದ ಸಂಜೆವರೆಗೂ ಹೆಂಡತಿ ಮಕ್ಕಳ ಮುಖ ನೋಡ್ಕೊಂಡು ಕೂರಕ್ಕಾಗಲ್ಲ, ಇಲ್ಲಿ ಕೂತ್ರೆ ಯಾರೂ ಏನೂ ಕೇಳಲ್ಲ ಅಂತ ಒಂದಿನ ಹೇಳಿದ್ರು. ಕೆಲ್ಸ ಕಳ್ಕೊಂಡ ಮನುಷ್ಯ ಕಾಸು ಕೊಡದೆ, ಟೀ ಆರ್ಡರ್ ಮಾಡದೆ, ಯಾಕೆ ಬಂದೆ ಅಂತ ಅನ್ನಿಸ್ಕೊಳ್ಳದೆ ನಾಲ್ಕು ಗಂಟೆ ಮರ್ಯಾದೆಯಿಂದ ಕೂರಬಹುದಾದ ಜಾಗ ಊರಲ್ಲಿ ಇನ್ನೆಲ್ಲಿದೆ ಹೇಳಿ, ದೇವಸ್ಥಾನ ಬಿಟ್ರೆ ಲೈಬ್ರರಿನೇ.

ಆ ವರ್ಷ ನಡೆಸಿದ್ದು ಹೇಗೆ ಅಂತ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗತ್ತೆ. ಎಫ್‌ಡಿಎ, ಎಸ್‌ಡಿಎ, ಪಿಡಿಓ, ಪೊಲೀಸ್ ಪರೀಕ್ಷೆಗೆ ಓದೋ ಮಕ್ಳೇ ಮೂವತ್ತು ಜನ, ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಇದ್ದಿದ್ದು ಒಂದೇ ಒಂದು, ಅದೂ ನಾಲ್ಕು ವರ್ಷ ಹಳೇದು. ಹೊಸದು ತರಿಸೋಣ ಅಂದ್ರೆ ದುಡ್ಡಿಲ್ಲ. ಕೊನೆಗೆ ಬೈಂಡಿಂಗ್ ಮಾಡೋರ ಹತ್ರ ತಗೊಂಡೋಗಿ ಆ ಪುಸ್ತಕನ ಮೂರು ಭಾಗ ಮಾಡಿಸ್ದೆ, ಇತಿಹಾಸ ಒಂದು, ಭೂಗೋಳ ಸಂವಿಧಾನ ಸೇರಿ ಒಂದು, ವಿಜ್ಞಾನ ಒಂದು, ರಟ್ಟು ಹಾಕಿಸಿ ದಾರದಲ್ಲಿ ಹೊಲಿಸ್ದೆ. ಲೈಬ್ರರಿಯವರಾಗಿ ಪುಸ್ತಕ ಕತ್ತರಿಸೋದು ಪಾಪದ ಕೆಲಸ ಅಂತ ಮನಸ್ಸಿಗೆ ಬಂತು, ಆದ್ರೂ ಮಾಡಿಸ್ದೆ, ಒಬ್ರು ಓದ್ತಿದ್ದ ಕಡೆ ಮೂವರು ಓದಿದ್ರು. ಅದರಲ್ಲಿ ಹಳೇದಾಗಿದ್ದ ಸಚಿವರ ಹೆಸರು, ಜಿಲ್ಲೆಗಳ ಲೆಕ್ಕ ಎಲ್ಲಾ ಮಕ್ಳೇ ಪೆನ್ಸಿಲಲ್ಲಿ ತಿದ್ದಿ ಇಟ್ರು. ಜಾಬ್ ನೋಟಿಫಿಕೇಶನ್ ಇರೋ ಪುಟನ ಯಾರೋ ಬ್ಲೇಡ್ ಹಾಕಿ ಕತ್ತರಿಸ್ಕೊಂಡು ಹೋಗ್ತಿದ್ರು, ಬೈಯೋಕೆ ಮನಸ್ಸು ಬರ್ಲಿಲ್ಲ, ಬೆಳಗ್ಗೆನೇ ಅದನ್ನ ಜೆರಾಕ್ಸ್ ಮಾಡಿಸಿ ನೋಟಿಸ್ ಬೋರ್ಡಿಗೆ ಅಂಟಿಸೋಕೆ ಶುರು ಮಾಡಿದ್ವಿ, ಕತ್ತರಿಸೋದು ತಾನಾಗೇ ನಿಂತ್ಹೋಯ್ತು. ಕರೆಂಟ್ ಬಿಲ್ ಉಳಿಸೋಕೆ ಕಿಟಕಿ ಪಕ್ಕಕ್ಕೆ ಟೇಬಲ್ ಎಳೆದು ಹಾಕಿದ್ವಿ. ಕಸ ಗುಡಿಸೋ ಅಮ್ಮನಿಗೆ ಐದು ತಿಂಗಳು ಸಂಬಳ ಬರ್ಲಿಲ್ಲ, ಆಯಮ್ಮ ಒಂದಿನಾನೂ ತಪ್ಪಿಸ್ಲಿಲ್ಲ, ಆ ಸಂಬಳ ಕೊಡದೇ ಇದ್ದಿದ್ದನ್ನ ಮಾತ್ರ ನನಗೆ ಇವತ್ತಿಗೂ ಕ್ಷಮಿಸೋಕಾಗಿಲ್ಲ.

ಈ ಎಲ್ಲಾ ಒದ್ದಾಟದ ಮಧ್ಯೆ ಲೈಬ್ರರಿ ಕರ ಮಾತ್ರ ಜನ ಕಟ್ತಾನೇ ಇದ್ರು. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯ್ದೆ ಬಂದಾಗಿಂದ ಇದು ಬೇರೆ ಕರ, ರಸ್ತೆಗೆ ಚರಂಡಿಗೆ ಅಂತ ಹಾಕೋ ದುಡ್ಡಲ್ಲ. ಲೈಬ್ರರಿ ಯಾರ ದಯೆ ಮೇಲೂ ಬದುಕಬಾರದು, ಅದಕ್ಕೇ ಅಂತ ಸ್ವಂತ ಆದಾಯ ಇರಬೇಕು ಅಂತ ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರು ಜೀವನಪೂರ್ತಿ ಹೇಳಿದ್ರು, 1948ರಲ್ಲಿ ಮದ್ರಾಸಿನ ಕಾಯ್ದೆ ಬಂದಿದ್ದೇ ಅವರ ಹಠದಿಂದ, ಕೊನೆಗಾಲ ಕಳೆದಿದ್ದು ನಮ್ಮ ಬೆಂಗಳೂರಲ್ಲೇ. ವಸೂಲಿ ಮಾಡೋರು ಸ್ಥಳೀಯ ಸಂಸ್ಥೆಯವರು, ಅವರು ಅದನ್ನ ಲೈಬ್ರರಿಗೆ ದಾಟಿಸಬೇಕು. ತೊಂದರೆ ಇರೋದು ಈ ದಾಟಿಸೋದ್ರಲ್ಲೇ. ಕಷ್ಟದ ವರ್ಷ ಬಂದ್ರೆ ಕೈಗೆ ಬಂದ ದುಡ್ಡು ಸಂಬಳಕ್ಕೆ, ಬೀದಿದೀಪಕ್ಕೆ, ಕಂಟ್ರಾಕ್ಟರ್ ಬಿಲ್‌ಗೆ ಹೋಗತ್ತೆ, ಲೈಬ್ರರಿದು ಆಮೇಲೆ ಕೊಡೋಣ ಅಂತ ಬಾಕಿ ಇಡ್ತಾರೆ, ಬಾಕಿ ಮೇಲೆ ಬಾಕಿ ಬೆಳೆಯತ್ತೆ. ಬೆಂಗಳೂರಿನದ್ದೇ ನೂರಾರು ಕೋಟಿ ಬಾಕಿ ಅಂತ ಪೇಪರುಗಳಲ್ಲೇ ಎಷ್ಟು ಸಲ ಬಂದಿದೆ. ಕೆಲ್ಸ ಕಳ್ಕೊಂಡೋನೂ ಸಾಲ ಮಾಡಿ ಮನೆ ಕಂದಾಯ ಕಟ್ಟಿರ್ತಾನೆ, ಅವನು ಲೈಬ್ರರಿಗೆ ಬಂದ್ರೆ ಓದೋಕೆ ಪೇಪರ್ ಇರಲ್ಲ. ಇದು ಅನ್ಯಾಯ ಅಲ್ವಾ? ಊರು ಕಷ್ಟದಲ್ಲಿದೆ ನಿಜ, ಹಾಗಂತ ಲೈಬ್ರರಿ ಹೆಸರು ಹೇಳಿ ಇಸ್ಕೊಂಡಿದ್ದನ್ನ ಇನ್ನೊಂದಕ್ಕೆ ಹಾಕೋದು ಸರಿಯಲ್ಲ.

ದುಡ್ಡಿಲ್ಲದ ಕಾಲದಲ್ಲಿ ಏನೂ ಮಾಡಕ್ಕಾಗಲ್ಲ ಅನ್ನೋದನ್ನ ನಾನು ಒಪ್ಪಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಆರ್ಥಿಕ ಮಹಾ ಕುಸಿತ ಆದಾಗ ಕೆಂಟಕಿಯ ಬೆಟ್ಟದ ಊರುಗಳಿಗೆ ಹೆಂಗಸರು ಕುದುರೆ ಮೇಲೆ ಪುಸ್ತಕ ಹೊತ್ಕೊಂಡು ಹೋಗಿ ಕೊಡ್ತಿದ್ರು, ಅವರಿಗೆ ಸಂಬಳ ಕೊಟ್ಟಿದ್ದು ಸರ್ಕಾರನೇ, 1935ರಿಂದ 1943ರವರೆಗೂ ನಡೆಸಿದ್ರು. ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. 2019ರಲ್ಲಿ ಹಳ್ಳಿ ಲೈಬ್ರರಿಗಳನ್ನ ಗ್ರಾಮೀಣಾಭಿವೃದ್ಧಿ ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ್ರು, ಮರುವರ್ಷ ಕೋವಿಡ್ ಬಂದು ಸ್ಕೂಲೆಲ್ಲಾ ಮುಚ್ಚಿದ್ದಾಗ ಓದುವ ಬೆಳಕು ಅಂತ ಕಾರ್ಯಕ್ರಮ ಮಾಡಿ ಮಕ್ಳಿಗೆ ಫ್ರೀ ಮೆಂಬರ್‌ಶಿಪ್ ಕೊಟ್ರು. ನಮ್ಮ ಅಕ್ಕನ ಊರಲ್ಲಿ ಬೀಗ ತುಕ್ಕು ಹಿಡಿದಿದ್ದ ಪಂಚಾಯ್ತಿ ಲೈಬ್ರರಿಗೆ ಆ ವರ್ಷನೇ ಬಣ್ಣ ಬಳಿದು, ಗೋಡೆ ಮೇಲೆ ಚಿತ್ರ ಬರೆಸಿ, ಮಕ್ಳು ಚಾಪೆ ಮೇಲೆ ಕೂತು ಓದೋ ಹಾಗೆ ಮಾಡಿದ್ರು. ಅದೂ ಕಷ್ಟದ ವರ್ಷನೇ ಆಗಿತ್ತು ತಾನೆ, ಮೇಲಿನವರು ಮನಸ್ಸು ಮಾಡಿದ್ರು, ಆಯ್ತು. ಪಟ್ಟಣದ ಲೈಬ್ರರಿಗೆ ಅಂಥ ಮನಸ್ಸು ಮಾಡೋರು ಯಾರೂ ಸಿಗ್ಲಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಈಗ ಕಂದಾಯ ತುಂಬಾ ಜನ ಆನ್‌ಲೈನಲ್ಲಿ ಕಟ್ತಾರೆ, ಕಟ್ಟಿದ ತಕ್ಷಣ ಆ 6 ಪರ್ಸೆಂಟು ನೇರ ಲೈಬ್ರರಿ ಖಾತೆಗೆ ಹೋಗೋ ಹಾಗೆ ಮಾಡ್ಲಿ, ಪಾಲಿಕೆ ಪುರಸಭೆ ಖಾತೆಗೆ ಹೋಗಿ ಅಲ್ಲಿಂದ ಯಾರಾದ್ರೂ ಸಹಿ ಹಾಕೋವರೆಗೂ ಕಾಯೋದು ಬೇಡ. ಬಂದ ದುಡ್ಡಲ್ಲಿ ಮೊದಲು ಪೇಪರ್ ಬಾಕಿ, ದಿನಗೂಲಿಯವರ ಸಂಬಳ, ಪರೀಕ್ಷೆ ಪುಸ್ತಕ, ಆಮೇಲೆ ಮಿಕ್ಕಿದ್ದು. ಯಾವ ಪುಸ್ತಕ ಬೇಕು ಅಂತ ಶಾಖೆಯಲ್ಲಿ ಕೂತೋರನ್ನ ಒಂದು ಮಾತು ಕೇಳಿ, ಓದೋರ ಮುಖ ದಿನಾ ನೋಡೋರು ಅವರು. ಪರೀಕ್ಷೆ ಹತ್ರ ಇದ್ದಾಗ ರಾತ್ರಿ ಒಂಬತ್ತರವರೆಗೂ ಬಾಗಿಲು ತೆಗೆದಿಡೋಕೆ ಒಬ್ರನ್ನ ಹೆಚ್ಚಿಗೆ ಕೊಟ್ರೆ ಸಾಕು, ಮನೇಲಿ ಒಂದೇ ರೂಮಿರೋ ಮಕ್ಳಿಗೆ ಅದೆಷ್ಟು ದೊಡ್ಡದು ಅಂತ ನಾನು ಕಣ್ಣಾರೆ ನೋಡಿದೀನಿ. ಮೂರು ಭಾಗ ಮಾಡಿಸಿದ ಪುಸ್ತಕ ಓದಿದೋರಲ್ಲಿ ಒಬ್ಳು ಹುಡುಗಿ ಎಸ್‌ಡಿಎ ಆದ್ಳು, ಮೊದಲನೇ ಸಂಬಳದಲ್ಲಿ ಅದೇ ಪುಸ್ತಕದ ಹೊಸ ಎಡಿಷನ್ ಎರಡು ಕಾಪಿ ತಂದ್ಕೊಟ್ಳು. ನಾನು ಮೊನ್ನೆ ಹೋದಾಗ ಅವೆರಡೂ ರಟ್ಟು ಕಿತ್ತು ಟೇಬಲ್ ಮೇಲಿತ್ತು, ಇನ್ನೂ ಓದ್ತಾ ಇದಾರೆ.

ಏಪ್ರಿಲಲ್ಲಿ 5 ಪರ್ಸೆಂಟ್ ರಿಯಾಯಿತಿಗೆ ಅಂತ ಎಲ್ರೂ ಕಂದಾಯ ಕಟ್ಟೋಕೆ ಹೋಗ್ತೀರಲ್ಲ, ಆವಾಗ ಕೌಂಟರಲ್ಲಿ ಒಂದ್ಮಾತು ಕೇಳಿ, ಹೋದ ವರ್ಷ ನಮ್ಮತ್ರ ಇಸ್ಕೊಂಡ ಲೈಬ್ರರಿ ಕರ ಲೈಬ್ರರಿಗೆ ಕೊಟ್ಟಿದೀರಾ ಅಂತ. ನಾನು ಕೇಳ್ದೆ, ಗೊತ್ತಿಲ್ಲ ಅಂದ್ರು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೀನಿ, ಐದು ವರ್ಷದ್ದು ವಸೂಲಾಗಿದ್ದೆಷ್ಟು, ಕೊಟ್ಟಿದ್ದೆಷ್ಟು ಅಂತ. 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಮೇಲೆ ಅದನ್ನೂ ನಿಮಗೆ ಬರೀತೀನಿ, ದಯವಿಟ್ಟು ಹಾಕಿ.

ಇಂತಿ,
ನಿವೃತ್ತ ಗ್ರಂಥಾಲಯ ನೌಕರ, ತುಮಕೂರು ಜಿಲ್ಲೆ