ಹತ್ತು ವರ್ಷದ ಪ್ರಶ್ನೆಗೆ ಮೂರು ವರ್ಷದ ಅನುದಾನ

ಮಾನ್ಯ ಸಂಪಾದಕರೇ,

ಡಿಸೆಂಬರ್ 1ರಂದು ಪತ್ರಿಕೆಗಳಲ್ಲಿ ಏಡ್ಸ್ ಜಾಗೃತಿಯ ಲೇಖನ ತಪ್ಪದೆ ಬರುತ್ತದೆ. ಪಿಯುಸಿ ಫಲಿತಾಂಶದ ಹೊತ್ತಿಗೆ ಶಿಕ್ಷಣ ಪುಟಗಳಲ್ಲಿ ಬಯೋಟೆಕ್ನಾಲಜಿ ಕೋರ್ಸುಗಳ ಪಟ್ಟಿಯೂ ಬರುತ್ತದೆ. ಆದರೆ ಎಚ್‌ಐವಿ ಸಂಶೋಧನೆಗೆ ಇಳಿದವರು ದಿನವೂ ಮಾಡುವ ಕೆಲಸ ಯಾವುದು, ಅದಕ್ಕೆ ಅಷ್ಟೊಂದು ವರ್ಷ ಏಕೆ ಹಿಡಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಯಾರೂ ಹೇಳುವುದಿಲ್ಲ.

ಎಚ್‌ಐವಿ ಎಲ್ಲೆಡೆ ಒಂದೇ ಬಗೆಯದಲ್ಲ. 1983ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಪತ್ತೆಯಾದದ್ದು ‘ಬಿ’ ಉಪಪ್ರಭೇದ. ಜಗತ್ತಿನ ಪ್ರಯೋಗಾಲಯಗಳ ಎಷ್ಟೋ ಪರಿಕರಗಳು ರೂಪುಗೊಂಡದ್ದು ಅದನ್ನಿಟ್ಟುಕೊಂಡೇ. 1986ರಲ್ಲಿ ಚೆನ್ನೈನಲ್ಲಿ ಸೂಕ್ಷ್ಮಜೀವಿ ತಜ್ಞೆ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ದೇಶದ ಮೊದಲ ಸೋಂಕುಗಳನ್ನು ಗುರುತಿಸಿದರು. ನಮ್ಮಲ್ಲಿ ಹರಡಿರುವುದು ಬಹುಪಾಲು ‘ಸಿ’. ಜಗತ್ತಿನ ಸೋಂಕಿತರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಇರುವುದೂ ಅದೇ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಬಹುಕಾಲದಿಂದ ಈ ‘ಸಿ’ಯ ಬೆನ್ನು ಹತ್ತಿದೆ. ವೈರಸ್ಸಿನ ಜೀನುಗಳನ್ನು ಚಾಲೂ ಮಾಡುವ ಎಲ್‌ಟಿಆರ್ ಎಂಬ ತುದಿಯಲ್ಲಿ, ಎನ್‌ಎಫ್‌-ಕಪ್ಪಾಬಿ ಎಂಬ, ನಮ್ಮ ಕಣದ್ದೇ ಆದ ಪ್ರೋಟೀನ್ ಬಂದು ಕೂರುವ ತಾಣಗಳು ‘ಬಿ’ಯಲ್ಲಿ ಸಾಮಾನ್ಯವಾಗಿ 2, ‘ಸಿ’ಯಲ್ಲಿ 3. ಭಾರತದಲ್ಲಿ 4 ತಾಣಗಳಿರುವ ತಳಿಗಳು ಹೆಚ್ಚುತ್ತಿವೆ ಎಂದು ಆ ತಂಡ 2012ರಲ್ಲಿ ಪ್ರಕಟಿಸಿತು. ವರ್ಷಗಳ ಅಂತರದಲ್ಲಿ ತೆಗೆದ ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಇಂಥ ಬದಲಾವಣೆ ಕಾಣುತ್ತದೆ.

ಆ ಮಾದರಿಗಳನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ರಕ್ತಕ್ಕೆ ಅಷ್ಟೇ ಪ್ರಮಾಣದ ಬಫರ್ ಎಂಬ ಲವಣ ದ್ರಾವಣ ಸೇರಿಸಿ, ಮಿಲಿ ಲೀಟರಿಗೆ 1.077 ಗ್ರಾಂ ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ಟ್ಯೂಬಿನ ಗೋಡೆಗುಂಟ ನಿಧಾನವಾಗಿ ಇಳಿಬಿಡಬೇಕು. ಸೆಂಟ್ರಿಫ್ಯೂಜ್‌ನಲ್ಲಿ ಗುರುತ್ವಾಕರ್ಷಣೆಯ 400 ಪಟ್ಟು ಬಲದಲ್ಲಿ (400 ಜಿ) 30 ನಿಮಿಷ ತಿರುಗಿಸಬೇಕು, ಬ್ರೇಕ್ ಹಾಕದೆ. ಬ್ರೇಕ್ ಹಾಕಿದರೆ ಪದರಗಳು ಕದಡಿ, ನಡುವೆ ತೆಳುವಾಗಿ ನಿಂತ ಬಿಳಿ ರಕ್ತಕಣಗಳು ಕೈತಪ್ಪುತ್ತವೆ. ಒಂದು ಮಿಲಿ ಲೀಟರ್ ರಕ್ತದಿಂದ ಸಿಗುವುದು ಸುಮಾರು 10 ಲಕ್ಷ ಕಣಗಳು. 10% ಡಿಎಂಎಸ್‌ಒ ಎಂಬ, ಹೆಪ್ಪುಗಟ್ಟುವಾಗ ಕಣಗಳನ್ನು ಕಾಯುವ ದ್ರವ ಬೆರೆಸಿ, ನಿಮಿಷಕ್ಕೆ 1 ಡಿಗ್ರಿಯಂತೆ ಮೈನಸ್ 80 ಡಿಗ್ರಿಗೆ ಇಳಿಸಿ, ಆಮೇಲೆ ದ್ರವ ಸಾರಜನಕಕ್ಕೆ ಸೇರಿಸಬೇಕು. ಅವಸರದಲ್ಲಿ ತಣಿಸಿದರೆ ಕಣದೊಳಗೆ ಮಂಜುಗಡ್ಡೆಯ ಹರಳು ಬೆಳೆದು ಪೊರೆ ಒಡೆಯುತ್ತದೆ. ಇನ್ನು ಸಾರಜನಕದ ಡಬ್ಬಿಯನ್ನು ಯಾರೂ ತುಂಬಿಸದಿದ್ದರೆ ಇಷ್ಟೂ ವ್ಯರ್ಥ. ಯೋಜನೆ ಮುಗಿದ ದಿನದಿಂದ ಅದನ್ನು ತುಂಬಿಸಲು ಹಣ ಯಾರದು?

ಜೀನ್ ಕೆಲಸವೂ ಸುಲಭದ್ದಲ್ಲ. ವೈರಸ್ಸಿನ ಪೂರ್ಣ ಜೀನು ಸರಣಿಯ ಡಿಎನ್ಎ ತದ್ರೂಪವನ್ನು ಬ್ಯಾಕ್ಟೀರಿಯಾದೊಳಗೆ ಇಟ್ಟು ಬೆಳೆಸುತ್ತಾರೆ. ಅದರ ಎರಡು ತುದಿಯಲ್ಲೂ ಒಂದೇ ಎಲ್‌ಟಿಆರ್ ಇರುವುದರಿಂದ, ಸಾಮಾನ್ಯ ಬ್ಯಾಕ್ಟೀರಿಯಾದಲ್ಲಿ ಅವೆರಡೂ ಕೂಡಿಕೊಂಡು ನಡುವಿನ ಭಾಗವೇ ಮಾಯವಾಗಬಹುದು. ಅದಕ್ಕೇ ಇಂಥ ಮರುಜೋಡಣೆ ಕಡಿಮೆ ಮಾಡುವ ಬ್ಯಾಕ್ಟೀರಿಯಾ ತಳಿ ಬಳಸಿ 37ರ ಬದಲು 30 ಡಿಗ್ರಿಯಲ್ಲಿ ಬೆಳೆಸುತ್ತಾರೆ. ರೋಗಿಯ ಮಾದರಿಯಿಂದ ವೈರಸ್ ಜೀನಿನ ಪ್ರತಿಗಳನ್ನು ಹೆಚ್ಚಿಸುವಾಗ, ಅದಕ್ಕೆ ಬಳಸುವ ಪಿಸಿಆರ್ ವಿಧಾನ ಅರ್ಧಂಬರ್ಧ ತುಂಡುಗಳನ್ನು ಬೆಸೆದು, ದೇಹದಲ್ಲಿ ಇಲ್ಲದ ವೈರಸ್ಸನ್ನು ತೋರಿಸಬಲ್ಲದು. ಪರಿಹಾರವೆಂದರೆ, ಪರೀಕ್ಷಾ ತಟ್ಟೆಯ 100 ‘ಬಾವಿ’ಗಳಲ್ಲಿ (ಪುಟ್ಟ ಗುಳಿಗಳಲ್ಲಿ) 30ಕ್ಕಿಂತ ಹೆಚ್ಚು ಪಾಸಿಟಿವ್ ಬಾರದಷ್ಟು ಮಾದರಿಯನ್ನು ತೆಳುಗೊಳಿಸುವುದು. ಆಗ ಪಾಸಿಟಿವ್ ಬಂದವುಗಳಲ್ಲಿ 80%ಕ್ಕೂ ಹೆಚ್ಚು ತಲಾ ಒಂದೊಂದೇ ಅಣುವಿನಿಂದ ಹುಟ್ಟಿದವು. ಅಂದರೆ 70 ಬಾವಿಗಳಷ್ಟು ರಾಸಾಯನಿಕ ಬೇಕೆಂದೇ ಖಾಲಿ ಹೋಗುತ್ತದೆ. ಇದನ್ನು ದುಂದುವೆಚ್ಚ ಎನ್ನುವವರಿಗೆ ಈ ಲೆಕ್ಕ ಗೊತ್ತಿರಬೇಕು.

ಸಂಶೋಧನಾ ಯೋಜನೆಗಳ ಅವಧಿ ಸಾಮಾನ್ಯವಾಗಿ 3 ವರ್ಷ, ಪಿಎಚ್‌.ಡಿ. ಶಿಷ್ಯವೇತನ 5 ವರ್ಷ. ಮಾದರಿ ಸಂಗ್ರಹಕ್ಕೆ ನೈತಿಕ ಸಮಿತಿಯ ಒಪ್ಪಿಗೆ, ಆಸ್ಪತ್ರೆಯೊಂದಿಗೆ ಒಪ್ಪಂದ, ಹೊರದೇಶದಿಂದ ತರಿಸುವ ಕಿಟ್‌ಗಳ ಕಾಯುವಿಕೆ, ಜೀವಂತ ವೈರಸ್ ಬೆಳೆಸಲು ಬೇಕಾದ ಉನ್ನತ ಜೈವಿಕ ಸುರಕ್ಷತೆಯ ಬಿಎಸ್‌ಎಲ್‌-3 ಕೊಠಡಿಯ ಸರದಿ ಎಲ್ಲವೂ ಇದರೊಳಗೇ ಮುಗಿಯಬೇಕು. ಮಾದರಿ ಸಂಗ್ರಹಾಗಾರಗಳ ನಿರ್ವಹಣೆಗೆ ಯೋಜನೆಗಳಿಂದ ಪ್ರತ್ಯೇಕವಾದ, ಕನಿಷ್ಠ 10 ವರ್ಷದ ಅನುದಾನ ಕೊಡಬೇಕೆಂದು ರಾಜ್ಯ ಮತ್ತು ಕೇಂದ್ರ ಸರ್ಕಾರಗಳನ್ನು ಒತ್ತಾಯಿಸುತ್ತೇವೆ. ಮುಂದಿನ ಡಿಸೆಂಬರ್ 1ರ ಪುಟದಲ್ಲಿ ಸಂಶೋಧಕರ ಭಾವಚಿತ್ರದ ಪಕ್ಕ ಈ ಕೆಲಸದ ವಿವರಕ್ಕೂ ಒಂದು ಕಾಲಂ ಜಾಗ ಕೊಡಿ.

— ವೈರಾಣು ಸಂಶೋಧನೆಯಲ್ಲಿ ತೊಡಗಿರುವ ಕೆಲವರು, ಬೆಂಗಳೂರು