ಆ ಸಾಲನ್ನು ಯಾಕೆ ಹೊಡೆದುಹಾಕಿದೆ?

ಪ್ರೀತಿಯ ತಂಗಿ,

ನಿನ್ನ ಕತೆಯ ಎರಡೂ ಪ್ರತಿ ತಲುಪಿದವು. ಮೊದಲು ಬರೆದದ್ದು, ಆಮೇಲೆ ಹೆದರಿ ತಿದ್ದಿದ್ದು. ಯಾವ ಪತ್ರಿಕೆಗೆ ಕಳಿಸಲಿ, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಮಾತಾಡಬೇಕಿರುವುದು ನೀನು ಹೊಡೆದುಹಾಕಿದ ಒಂದು ಸಾಲಿನ ಬಗ್ಗೆ.

ಕಂಡಕ್ಟರ್ ರಾತ್ರಿ ಪಾಳಿ ಮುಗಿಸಿ ಮನೆಗೆ ಬರುತ್ತಾನೆ. ಹೆಂಡತಿ ಬಾಗಿಲು ತೆಗೆದು, ಅವನ ಖಾಕಿ ಅಂಗಿಯ ಗುಂಡಿ ಬಿಚ್ಚುತ್ತಾ, ‘ಇಷ್ಟೊತ್ತು ಎಲ್ಲಿ ಸತ್ತಿದ್ಯೋ?’ ಅನ್ನುತ್ತಾಳೆ. ಓದಿ ಮೈ ಜುಮ್ಮೆಂದಿತು. ರಾತ್ರಿಯಿಡೀ ಕಾದ ಸಿಟ್ಟು, ದಿಗಿಲು, ಆಸೆ ಎಲ್ಲಾ ಅದರಲ್ಲಿತ್ತು. ಯಾರೋ ‘ಗಂಡನಿಗೆ ಹೀಗಂತಾರಾ, ಅಸಹ್ಯ’ ಅಂದರಂತೆ. ತಕ್ಷಣ ನೀನು ಅದನ್ನು ತೆಗೆದು ‘ಪ್ರಿಯಾ, ನಿನಗಾಗಿ ಕಾದಿದ್ದೆ’ ಅಂತ ಬರೆದೆ. ಯಾವ ಮನೆಯಲ್ಲಿ ಹೀಗೆ ಮಾತಾಡುತ್ತಾರೆ ತಂಗಿ?

ಡಿಪೋದಲ್ಲಿ ಮ್ಯಾನೇಜರ್ ಹತ್ತು ಜನರ ಮುಂದೆ ಅದೇ ಮಾತು ಅಂದಿದ್ದರೆ ಅವಮಾನ. ಅದೇ ಹೆಂಡತಿ ಒಲೆ ಕಡೆಯಿಂದ ಮುಖ ತಿರುಗಿಸದೆ ಅಂದಿದ್ದರೆ ಸಂಸಾರ ಬಿರುಕು ಬಿಟ್ಟಿದೆ ಅಂತ ಅರ್ಥ. ಇಲ್ಲಿ ಅವಳ ಕೈ ಗುಂಡಿಯ ಮೇಲಿದೆ. ಬಾಯಿ ಒಂದು ಹೇಳುತ್ತಿದೆ, ಕೈ ಇನ್ನೊಂದು. ಓದುವವರು ಕೈಯನ್ನು ನಂಬುತ್ತಾರೆ. ನಿನ್ನ ಟೀಕಾಕಾರರು ಕೈ ನೋಡಲೇ ಇಲ್ಲ.

ಜನ್ನನ ‘ಯಶೋಧರ ಚರಿತೆ’ ಓದು. 1209ರಲ್ಲಿ ಬರೆದದ್ದು. ಹಳಗನ್ನಡ ಬರಲ್ಲ ಅನ್ನಬೇಡ, ಹೊಸಗನ್ನಡ ಗದ್ಯದಲ್ಲೂ ಸಿಗುತ್ತದೆ. ರಾಜನ ಪಕ್ಕದಲ್ಲಿ ಮಲಗಿದ ರಾಣಿ ಅಮೃತಮತಿಗೆ ಆನೆಲಾಯದಿಂದ ಮಾವುತನ ಹಾಡು ಕೇಳಿಸುತ್ತದೆ. ಸಖಿ ಹೋಗಿ ನೋಡಿ ಬಂದು ಅವನೆಷ್ಟು ಕುರೂಪಿ ಅಂತ ಹೇಳುತ್ತಾಳೆ. ರಾಣಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ಆ ದನಿ ಆಗಲೇ ಒಳಗೆ ಇಳಿದಾಗಿದೆ. ಒಂದು ರಾತ್ರಿ ಅವಳು ಮಾವುತನ ಹತ್ತಿರ ತಡವಾಗಿ ಹೋದಾಗ ಅವನು ಕೂದಲು ಹಿಡಿದು ಬಡಿಯುತ್ತಾನೆ. ಅವಳು ಬೇಡಿಕೊಳ್ಳುತ್ತಾಳೆ. ಮರೆಯಲ್ಲಿ ನಿಂತ ಅವಳ ಗಂಡ, ರಾಜ ಯಶೋಧರ, ಅದನ್ನೆಲ್ಲ ನೋಡಿ, ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆಮೇಲೆ ಅದೇ ಗಂಡ ತಮಾಷೆಗೆ ನೈದಿಲೆ ಹೂವಿನಿಂದ ತಟ್ಟಿದರೆ, ಅವಳು ಮೂರ್ಛೆ ಹೋದವಳಂತೆ ಬೀಳುತ್ತಾಳೆ!

ಹೊಡೆತ ಒಳ್ಳೆಯದು ಅಂತ ನಾನು ಖಂಡಿತ ಹೇಳುತ್ತಿಲ್ಲ. ಜನ್ನನೂ ಅವಳನ್ನು ಮೆಚ್ಚಿ ಬರೆದಿಲ್ಲ. ಆದರೆ ಯಾರ ಕೈ ಅವಳಿಗೆ ಬೇಕಿತ್ತು, ಯಾರದ್ದು ಬೇಡವಾಗಿತ್ತು ಅನ್ನೋದು ಅವನಿಗೆ ಗೊತ್ತಿತ್ತು. ಹೂವೂ ಭಾರ ಅನ್ನಿಸುವ ಗಳಿಗೆಯನ್ನು ಅವನು 800 ವರ್ಷದ ಹಿಂದೆ ಕಂಡಿದ್ದ. ನಾವಿನ್ನೂ ಯಾವ ಮಾತು ಸಭ್ಯ, ಯಾವುದು ಅಸಭ್ಯ ಅಂತ ಪಟ್ಟಿ ಮಾಡುತ್ತಾ ಕೂತಿದ್ದೇವೆ.

ನನಗೆ ಇದರಲ್ಲೊಂದು ಹಳೇ ಸಿಟ್ಟಿದೆ. ನನ್ನ ಒಂದು ಕತೆಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಕತ್ತಲಲ್ಲಿ ಗಂಡನನ್ನು ‘ಬಾರೋ’ ಅಂತ ಕರೆಯುತ್ತಿದ್ದಳು. ಒಬ್ಬ ಸಂಪಾದಕರು ನನ್ನನ್ನು ಒಂದು ಮಾತೂ ಕೇಳದೆ ಅದನ್ನು ‘ಬನ್ನಿ’ ಮಾಡಿದರು. ಹಗಲೆಲ್ಲ ಅತ್ತೆ ಮಾವನ ಎದುರು ಅವಳು ‘ಬನ್ನಿ’ ಅಂತಲೇ ಅನ್ನುತ್ತಿದ್ದಳು. ರಾತ್ರಿ ಮಾತ್ರ ಸಿಗುತ್ತಿದ್ದ ಆ ಸಲಿಗೆಯೇ ನನ್ನ ಕತೆಯಾಗಿತ್ತು. ಅದೇ ಕತೆಯಲ್ಲಿ ಆಫೀಸಿನ ಸಾಹೇಬ ಬಾಗಿಲು ಮುಂದೆ ಮಾಡಿ, ‘ನೀವು ತುಂಬಾ ಸೊರಗಿದ್ದೀರಿ, ಮನೇಲಿ ಚೆನ್ನಾಗಿ ನೋಡ್ಕೊಳ್ತಾರಾ?’ ಅಂತ ಅವಳನ್ನು ಕೇಳುತ್ತಾನೆ. ಆ ಸಾಲಿಗೆ ಯಾರೂ ಕೈ ಹಚ್ಚಲಿಲ್ಲ. ಎಲ್ಲಾ ಮರ್ಯಾದೆಯ ಮಾತೇ ಅಲ್ವಾ! ಇಡೀ ಕತೆಯಲ್ಲಿ ಹೊಲಸಾಗಿದ್ದದ್ದು ಅದೊಂದೇ. ಆ ಸಂಚಿಕೆಯನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಇದನ್ನೆಲ್ಲ ಹೇಳಿದ್ದು ಸುಮ್ನೆ ನಿನ್ನ ಬೆನ್ನು ತಟ್ಟೋಕಲ್ಲ. ನಿನ್ನ ಕತೆಯಲ್ಲೂ ಒಂದು ಕೊರತೆ ಇದೆ. ಸಲಿಗೆಯನ್ನು ಎದುರಿನವರು ಕೊಡಬೇಕು. ನಾವಾಗಿ ತೆಗೆದುಕೊಂಡರೆ ಅದು ದಬ್ಬಾಳಿಕೆ. ‘ಎಲ್ಲಿ ಸತ್ತಿದ್ಯೋ’ ಅನ್ನಿಸಿಕೊಂಡ ಕಂಡಕ್ಟರ್ ಏನು ಮಾಡಿದ? ನಕ್ಕನಾ? ಸುಸ್ತಾಗಿ ಅವಳ ಹೆಗಲಿಗೆ ತಲೆ ಇಟ್ಟನಾ? ನೀನು ಬರೆದೇ ಇಲ್ಲ. ಅವನು ಆ ಮಾತನ್ನು ಹೇಗೆ ತೆಗೆದುಕೊಂಡ ಅಂತ ಕಾಣದೇ ಇದ್ದದ್ದಕ್ಕೇ ಕೆಲವರಿಗೆ ಅದು ಬರೀ ಬೈಗುಳವಾಗಿ ಕೇಳಿಸಿರಬಹುದು. ಅವರ ಮೇಲೆ ಪೂರ್ತಿ ತಪ್ಪು ಹಾಕಬೇಡ. ಅವನ ಕಡೆಯಿಂದ ಒಂದೇ ಒಂದು ಸಾಲು ಸಾಕು. ಜಾಸ್ತಿ ಬೇಡ.

ಇನ್ನು ನಿನ್ನ ಕತೆಯ ಮನೆ ಮಾಲೀಕ. ಅವನು ಕೆಟ್ಟವನು ಅಂತ ತೋರಿಸೋಕೆ ಬಾಯಿ ತುಂಬಾ ಹೊಲಸು ಬೈಗುಳ ತುರುಕಿದ್ದೀಯ. ಓದಿ ನನಗೆ ಏನೂ ಅನ್ನಿಸಲಿಲ್ಲ. ಎಲ್ಲಾ ತೆಗೆದುಹಾಕು. ಅವನು ಕಂಡಕ್ಟರ್ ಹೆಂಡತಿಗೆ ಬಾಡಿಗೆ ಚೀಟಿ ಕೊಡುವಾಗ ಅವಳ ಬೆರಳು ಬಿಡದೆ, ‘ನೀವು ನಮ್ಮ ಮನೆಯವರ ಹಾಗೆ’ ಅನ್ನಲಿ. ಅವಳು ಒಳಗೆ ಹೋಗಿ ಕೈ ತೊಳೆದುಕೊಳ್ಳಲಿ. ಕಂಡಕ್ಟರ್ ಹೆಂಡತಿಯ ಸಾಲನ್ನು ಮೊದಲಿದ್ದ ಹಾಗೇ ಇಟ್ಟು, ಇದೊಂದು ಭಾಗ ಹೊಸದಾಗಿ ಬರೆದು ಕಳಿಸು. ಬೇಗ ಕಳಿಸು, ಕಾಯುತ್ತಿರುತ್ತೇನೆ.