ಪಟದ ಕಾಲ ಮುಗಿಯಿತು, ದಾರ ಮರದಲ್ಲೇ ಇದೆ

ಸಂಪಾದಕರಿಗೆ,

ಆಷಾಢದ ಗಾಳಿ ನಿಂತಿದೆ. ಮಕ್ಕಳು ಪಟಗಳನ್ನು ಅಟ್ಟಕ್ಕೆ ಹಾಕಿದ್ದಾರೆ. ನಮ್ಮ ಫೋನ್ ಮಾತ್ರ ನಿಂತಿಲ್ಲ. ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ಸಣ್ಣ ಟ್ರಸ್ಟ್ ಒಂದನ್ನು ಬೆಂಗಳೂರಿನಲ್ಲಿ ನಾವು ನಾಲ್ಕೈದು ಜನ ನಡೆಸುತ್ತಿದ್ದೇವೆ. ಮೊನ್ನೆ ಭಾನುವಾರ ಒಂದೇ ದಿನ ಮೂರು ಹದ್ದು, ಒಂದು ಬಾವಲಿ ಬಂದವು. ನಾಲ್ಕಕ್ಕೂ ಸುತ್ತಿಕೊಂಡಿದ್ದು ಮಾಂಜಾ, ಅಂದರೆ ಪಟ ಹಾರಿಸುವ ಹರಿತವಾದ ದಾರ. ಅದೂ ಹೊಸದಲ್ಲ, ಯಾವುದೋ ಮರದಲ್ಲಿ ನೇತಾಡಿ ಬಣ್ಣ ಹೋದದ್ದು.

ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ದೇಶಾದ್ಯಂತ ನಿಷೇಧಿಸಿದೆ. ಆದರೂ ಕೇಳಿದರೆ ಕೌಂಟರ್ ಕೆಳಗಿಂದ ತೆಗೆದುಕೊಡುವವರು ಇದ್ದಾರೆ. ಅದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬಿಡಿ. ನನ್ನ ತಕರಾರು ಕಿತ್ತುಹೋದ ಪಟದ ಹಿಂದೆ ಉಳಿಯುವ ದಾರದ ಬಗ್ಗೆ. ಹತ್ತಿ ನೂಲಾದರೆ ಮಳೆಗೆ ಕೊಳೆಯುತ್ತದೆ. ಇದು ಕೊಳೆಯುವುದಿಲ್ಲ.

ಹದ್ದಿನ ರೆಕ್ಕೆಯ ಮುಂಬದಿಯಲ್ಲಿ, ಭುಜದಿಂದ ಮಣಿಕಟ್ಟಿನವರೆಗೆ, ತೆಳ್ಳಗಿನ ಚರ್ಮ ಇರುತ್ತದೆ. ದಾರ ಕುಯ್ಯುವುದು ಅಲ್ಲೇ. ಒದ್ದಾಡಿದಷ್ಟೂ ಆಳಕ್ಕೆ ಇಳಿಯುತ್ತದೆ. ಹೊಲಿಗೆ ಹಾಕುವುದು ಡಾಕ್ಟರಿಗೆ ಒಂದು ಗಂಟೆಯ ಕೆಲಸ, ಆಮೇಲಿನದೇ ಜಾಸ್ತಿ. ದಿನಾ ಮಾಂಸ ಬೇಕು, ಡ್ರೆಸ್ಸಿಂಗ್ ಬದಲಿಸಬೇಕು, ಮುರಿದ ಗರಿ ಉದುರಿ ಹೊಸದು ಬರುವ ತನಕ ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು, ದೊಡ್ಡ ಪಂಜರದಲ್ಲಿ ಹಾರಿಸಿ ನೋಡಬೇಕು, ಇಷ್ಟೆಲ್ಲ ಮಾಡುತ್ತಲೇ ಅದು ನಮಗೆ ಒಗ್ಗಿಹೋಗದಂತೆ ದೂರವೂ ಇರಬೇಕು. 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ, ಅರಣ್ಯ ಇಲಾಖೆಗೆ ತಿಳಿಸಬೇಕು.

ದುಡ್ಡಿನ ಕಥೆ ಕೇಳಬೇಡಿ. ಗೂಬೆ ಮರಿಯ ಫೋಟೊ ಹಾಕಿದ ದಿನ ನಾಲ್ಕು ಕಾಸು ಬರುತ್ತದೆ, ಹದ್ದಿನ ಫೋಟೊಗೆ ಬರುವುದಿಲ್ಲ. ಬಿಳಿ ಎದೆಯ ಗರುಡ ಕಂಡರೆ ನಿಂತು ಕೈಮುಗಿಯುವ ಜನ ನಾವು. ಅದರ ದಾಯಾದಿ ಕಂದು ಹದ್ದು ಕಸದ ಹಕ್ಕಿ. ಮಾಂಸದಂಗಡಿಯವರು ಬೀದಿಗೆ ಸುರಿದದ್ದನ್ನು ಎತ್ತುವುದು ಮತ್ತೆ ಅದೇ ಹದ್ದು ಅಲ್ವಾ?

ಬಡಾವಣೆ ಸಂಘದವರು, ಅಪಾರ್ಟ್‌ಮೆಂಟಿನವರು ಒಂದು ಭಾನುವಾರ ಬೆಳಿಗ್ಗೆ ಗಳ ಹಿಡಿದು ಕೈಗೆಟುಕುವ ಮರಗಳ ದಾರವನ್ನಾದರೂ ತೆಗೆದರೆ ನಮ್ಮ ಅರ್ಧ ಕೆಲಸ ತಪ್ಪುತ್ತದೆ. ಕರೆಂಟ್ ತಂತಿ ಹತ್ತಿರ ಹೋಗಬೇಡಿ, ಲೈನ್‌ಮನ್ ಕರೆಯಿರಿ. ತೆಗೆದದ್ದನ್ನು ಚೂರು ಚೂರು ಮಾಡಿ ಕಸಕ್ಕೆ ಹಾಕಿ, ಉಂಡೆ ಸುತ್ತಿ ಎಸೆದರೆ ನಾಯಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ಹಕ್ಕಿ ಸಿಕ್ಕಿಕೊಂಡಿದ್ದು ಕಂಡರೆ ಎಳೆಯಬೇಡಿ. ಅದರ ಎರಡೂ ಬದಿಯ ದಾರ ಕತ್ತರಿಸಿ, ಮೈಗೆ ಸುತ್ತಿದ್ದು ಹಾಗೇ ಇರಲಿ. ಬಟ್ಟೆ ಮುಚ್ಚಿ ಹಿಡಿದು, ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ಫೋನ್ ಮಾಡಿ. ದಯವಿಟ್ಟು ಬಾಯಿಗೆ ನೀರು, ಹಾಲು ಬಿಡಬೇಡಿ. ಪ್ರೀತಿಯಿಂದಲೇ ಬಿಡುತ್ತಾರೆ, ಅದು ಶ್ವಾಸಕ್ಕೆ ಹೋಗಿ ಹಕ್ಕಿ ದಾರಿಯಲ್ಲೇ ಸಾಯುತ್ತದೆ.

ಮೊನ್ನೆಯ ಮೂರು ಹದ್ದುಗಳಲ್ಲಿ ಒಂದು ಅವತ್ತೇ ರಾತ್ರಿ ಹೋಯಿತು. ಉಳಿದೆರಡು ತಿನ್ನುತ್ತಿವೆ. ಇದನ್ನು ಬರೆಯುವಾಗ ಕಿಟಕಿಯಾಚೆ ನೋಡಿದೆ, ನಮ್ಮದೇ ಗೇಟಿನ ಹೊಂಗೆ ಮರದಲ್ಲಿ ಒಂದು ಹಸಿರು ದಾರ ತೂಗುತ್ತಿದೆ. ಏಣಿ ಹುಡುಕಬೇಕು.

– ಹಕ್ಕಿ ಆರೈಕೆ ಟ್ರಸ್ಟಿನ ಕಾರ್ಯಕರ್ತ, ಬೆಂಗಳೂರು